ಓದದೆ ಉಳಿದ ಎರಡನೆಯ ಹಾಳೆ

ಬಂಟ್ವಾಳ
೧೯ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಅಣ್ಣಾ,

ನೀನೂ ಅತ್ತಿಗೆಯೂ ವಿಜೇತಾಳೂ ಕರ್ತನ ಕೃಪೆಯಲ್ಲಿ ಕ್ಷೇಮವಾಗಿದ್ದೀರೆಂದು ನಂಬುತ್ತೇನೆ. ನಿನ್ನ ಮಂಡಿನೋವು ಹೇಗಿದೆ? ಗದಗಿನ ಬಿಸಿಲು ಈಗಲೇ ಏರಿರಬೇಕು. ಆರಾಧನೆ ನಡೆಸಲು ಹಳ್ಳಿಯ ಸಭೆಗಳಿಗೆ ಬೈಕಿನಲ್ಲಿ ಹೋಗುವಾಗ ಹೆಲ್ಮೆಟ್ಟಿನ ಒಳಗೆ ಒಂದು ಒದ್ದೆ ಕರವಸ್ತ್ರ ಇಟ್ಟುಕೋ ಎಂದು ಅಮ್ಮ ಹೇಳಲು ಹೇಳಿದ್ದಾಳೆ. ವಿಜೇತಾಳ ಪಿಯುಸಿ ಪರೀಕ್ಷೆ ಹತ್ತಿರ ಬಂತಲ್ಲ. ಅಮ್ಮ ದಿನದ ಪ್ರಾರ್ಥನೆಯಲ್ಲಿ ಅವಳ ಹೆಸರನ್ನು ಎರಡು ಸಲ ಹೇಳುತ್ತಾಳೆ, ಒಮ್ಮೆ ಅವಳಿಗಾಗಿ, ಇನ್ನೊಮ್ಮೆ ಅವಳ ರಸಾಯನಶಾಸ್ತ್ರಕ್ಕಾಗಿ. ಇದನ್ನು ಅವಳಿಗೆ ತಿಳಿಸು, ನಕ್ಕಾಳು. ನಮ್ಮಲ್ಲಿ ಧನರಾಜ್ ಎಂದಿನಂತೆ ಬೆಳಿಗ್ಗೆ ಏಳರ ಬಸ್ಸಿಗೆ ಮೂಡುಬಿದಿರೆಯ ಶಾಲೆಗೆ ಹೋಗುತ್ತಾರೆ. ನಾನು ಜನವರಿಯಿಂದ ನನ್ನ ಶಾಲೆಗೆ ರಜೆ ಹಾಕಿ ಅಮ್ಮನ ಬಳಿ ಇದ್ದೇನೆ.

ಫೋನಿರುವಾಗ ಇದೇನು ಕಾಗದ ಎಂದು ನಿನಗೆ ಅನಿಸಬಹುದು. ಅಣ್ಣಾ, ಈ ತಿಂಗಳು ನಾನು ನಿನಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಾನು ಮಾತು ಶುರುಮಾಡಿ ಅತ್ತುಬಿಟ್ಟೆ, ನೀನು ಕೂಡಲೇ ಪ್ರಾರ್ಥಿಸಲು ತೊಡಗಿದೆ. ನೀನು ಪ್ರಾರ್ಥನೆ ಶುರುಮಾಡಿದ ಮೇಲೆ ನಾನು ಕಣ್ಣು ಮುಚ್ಚಿ ಕೊನೆಗೆ ಆಮೆನ್ ಎನ್ನುವುದನ್ನು ಬಿಟ್ಟು ಬೇರೇನು ಮಾಡಲಿ? ಪ್ರಾರ್ಥನೆಯ ನಡುವೆ ಬಾಯಿ ಹಾಕುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಮುಗಿದ ಮೇಲೆ ನೀನು ‘ತಾಳ್ಮೆಯಿಂದಿರು ಕಾಂತಿ’ ಎಂದು ಫೋನ್ ಇಟ್ಟೆ. ಮೂರು ಸಲವೂ ನಾನು ಹೇಳಬೇಕಾದದ್ದು ಹೇಳದೆ ಉಳಿಯಿತು. ಇಂಗ್ಲಿಷಿನಲ್ಲಿ ಬರೆದರೆ ನನಗೆ ಬೇಗ ಮುಗಿಯುತ್ತಿತ್ತು. ಆದರೆ ಇಂಗ್ಲಿಷಿನಲ್ಲಿ ನನಗೆ ಸೌಜನ್ಯ ಹೆಚ್ಚು. ಸಾರಿ, ಪ್ಲೀಸ್ ಎನ್ನುತ್ತಾ ವಿಷಯ ಬಿಟ್ಟುಹೋಗುತ್ತದೆ. ಅದಕ್ಕಾಗಿ ಕನ್ನಡದಲ್ಲಿ, ನಿಧಾನವಾಗಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ಅಮ್ಮನನ್ನು ನೋಡಿದ್ದು ಅಕ್ಟೋಬರಿನಲ್ಲಿ. ಆಗ ಅವಳು ಗೇಟಿನವರೆಗೆ ಬಂದು ನಿನ್ನನ್ನು ಕಳುಹಿಸಿಕೊಟ್ಟಳು. ನಿನ್ನ ಕಣ್ಣಿನಲ್ಲಿ ಇನ್ನೂ ಆ ಅಮ್ಮನೇ ಇದ್ದಾಳೆ, ಅದು ನಿನ್ನ ತಪ್ಪಲ್ಲ. ಕ್ಯಾನ್ಸರಿನ ಗಡ್ಡೆ ಈಗ ಬೆನ್ನುಮೂಳೆಗೆ ಇಳಿದಿದೆ. ಮಂಗಳೂರಿನ ಡಾಕ್ಟರು ಇನ್ನು ಕರೆತರುವುದು ಬೇಡ ಎಂದರು. ಬೆಳಿಗ್ಗೆ ಮೈ ಒರೆಸಲು ಪಕ್ಕಕ್ಕೆ ತಿರುಗಿಸುವಾಗ ಮತ್ತು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನೋವು ಅತಿ ಹೆಚ್ಚು. ಅವಳು ಕೂಗುವುದಿಲ್ಲ. ಮೈ ಒರೆಸುವ ಬೈರಾಸಿನ ತುದಿಯನ್ನು ಹಲ್ಲಿನ ನಡುವೆ ಇಟ್ಟುಕೊಳ್ಳುತ್ತಾಳೆ. ಒಂದು ವಾರದಲ್ಲಿ ಆ ಬೈರಾಸಿನ ಅಂಚು ನೂಲುನೂಲಾಯಿತು, ನಾನು ಬೇರೆ ಕೊಟ್ಟೆ. ಎಡಗೈಯಲ್ಲಿ ಕಿಟಕಿಯ ಸರಳು ಹಿಡಿಯುತ್ತಾಳೆ. ಹಿಡಿದ ಬೆರಳುಗಳನ್ನು ಆಮೇಲೆ ಒಂದೊಂದಾಗಿ ನಾನೇ ಬಿಡಿಸಬೇಕು. ಅವಳ ಬಾಯಿಯಿಂದ ಹೊರಗೆ ಬರುವ ಸದ್ದನ್ನು ಹೇಗೆ ಬರೆಯಲಿ? ಕುಕ್ಕರಿನ ಉಗಿ ಸೀಟಿ ಆಗುವ ಮೊದಲು ಬರುವಂಥ ಸಣ್ಣ ಸದ್ದು. ಸೀಟಿಯಾಗಲು ಅವಳು ಬಿಡುವುದಿಲ್ಲ. ನಾನು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತ ಮಧ್ಯಾಹ್ನಗಳಿವೆ, ಅಣ್ಣಾ. ಕೇಳಿಸದಿರಲಿ ಎಂದು. ಹೀಗೆ ಬರೆಯಲು ನಾಚಿಕೆಯಾಗುತ್ತದೆ.

ಇದಕ್ಕೆ ಮದ್ದು ಇಲ್ಲವೆಂದಾಗಿದ್ದರೆ ನಾನೂ ತಾಳುತ್ತಿದ್ದೆ. ಮದ್ದು ಉಂಟು. ಮನೆಮನೆಗೆ ಬಂದು ಇಂಥ ರೋಗಿಗಳನ್ನು ನೋಡುವ ತಂಡವೊಂದಿದೆ. ಅದರ ನರ್ಸ್ ನಬೀಸಾ ಗುರುವಾರ ಗುರುವಾರ ಬರುತ್ತಾಳೆ. ಡಾಕ್ಟರು ಬರೆದುಕೊಟ್ಟ ಮಾರ್ಫಿನ್ ಮಾತ್ರೆಯ ಡಬ್ಬಿಯನ್ನು ಜನವರಿಯಲ್ಲೇ ಕೊಟ್ಟು, ನಾಲ್ಕು ಗಂಟೆಗೊಮ್ಮೆ ಅರ್ಧ ಮಾತ್ರೆ ಎಂದು ನನಗೆ ಕಲಿಸಿಹೋಗಿದ್ದಳು. ಅಮ್ಮ ಮುಟ್ಟಲಿಲ್ಲ. ಕಾರಣ ಏನೆಂದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ: ಶಿಲುಬೆಗೆ ಹಾಕುವ ಮೊದಲು ನೋವು ತಿಳಿಯದಿರಲಿ ಎಂದು ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಟ್ಟಾಗ ಕರ್ತನು ಅದನ್ನು ಕುಡಿಯಲಿಲ್ಲ. ಆತನು ಬೇಡವೆಂದದ್ದನ್ನು ನಾನು ಹೇಗೆ ಬೇಕು ಎನ್ನಲಿ ಎಂಬುದು ಅಮ್ಮನ ಮಾತು. ಇಲ್ಲಿಯ ಸಭಾಪಾಲಕ ಅಯ್ಯನವರು ಬಂದು, ಮಾತ್ರೆ ತಕ್ಕೊಂಡರೆ ಪಾಪವಿಲ್ಲ ಎಂದು ಅರ್ಧ ಗಂಟೆ ಹೇಳಿದರು. ಅಮ್ಮ ಅವರಿಗೆ ಚಹಾ ಕುಡಿಸಿ ಕಳುಹಿಸಿ, “ಪಾಪ, ಒಳ್ಳೆಯವರು. ಇನ್ನೂ ಚಿಕ್ಕ ಪ್ರಾಯ” ಎಂದಳು.

ನಬೀಸಾ ಮಾತ್ರ ಬಿಡುವವಳಲ್ಲ. ಈ ತಿಂಗಳ ಆರನೇ ತಾರೀಕು ಹಾಸಿಗೆಯ ಅಂಚಿನಲ್ಲಿ ಕೂತು ಅಮ್ಮನ ಪಾದ ತಿಕ್ಕುತ್ತಾ, “ಈ ನೋವನ್ನು ಇಷ್ಟು ಜೋಪಾನ ಮಾಡಿ ಯಾರಿಗೆ ಕೊಡ್ಲಿಕ್ಕುಂಟು ಅಮ್ಮಾ? ಟೀಚರಿಗಾ?” ಎಂದು ನನ್ನತ್ತ ಕಣ್ಣು ಹೊಡೆದಳು. ಅಮ್ಮ ನಗಲಿಲ್ಲ. “ನಿನಗೆ ಅದು ಗೊತ್ತಾಗ್ಲಿಕ್ಕಿಲ್ಲ ನಬೀಸಾ” ಎಂದಳು. “ಗೊತ್ತಿಲ್ಲ, ಸರಿ. ನಿಮ್ಮ ಯೇಸು ನಮಗೂ ನಬಿಯೇ. ಕುಷ್ಠದವರು ಬಂದ್ರು, ಕಣ್ಣಿಲ್ಲದವರು ಬಂದ್ರು, ಎಲ್ಲರನ್ನೂ ಮುಟ್ಟಿ ಗುಣ ಮಾಡಿದ್ರು ಅಂತ ನಾವೂ ಕೇಳಿದ್ದೇವೆ. ಒಬ್ಬರಿಗಾದ್ರೂ ‘ಹೋಗು, ತಾಳಿಕೋ’ ಅಂತ ಹೇಳಿದ್ದುಂಟಾ? ಹೇಳಿ ನೋಡುವ.”   ಅಮ್ಮ ನನ್ನ ಕಡೆಗೆ ಮುಖ ತಿರುಗಿಸಿ, “ಸಂಜೆ ಕೊಡು, ಕಾಂತಿ. ನೋಡುವ” ಎಂದಳು. ನಬೀಸಾ ಹೋಗುವಾಗ ಗೇಟಿನಲ್ಲಿ ನನ್ನ ಕೈ ಹಿಡಿದು, “ಕೊಡ್ಲಿಕ್ಕೆ ತಡ ಮಾಡ್ಬೇಡಿ ಟೀಚರೇ. ದೊಡ್ಡವರ ಮನಸ್ಸು ಅಲ್ವಾ, ತಿರುಗ್ಲಿಕ್ಕೆ ಹೊತ್ತು ಬೇಡ” ಎಂದಳು.

ನಾನು ತಡ ಮಾಡಿದೆ. ಇದನ್ನು ಬರೆಯುವುದು ಕಷ್ಟ. ಅದೇ ಸಂಜೆ ಆರಾಧನೆಯಲ್ಲಿ ನೀನು ಮಾಡಿದ ಪ್ರಸಂಗದ ವಿಡಿಯೊ ನನ್ನ ಫೋನಿಗೆ ಬಂತು, ನಿಮ್ಮ ಸಭೆಯವರು ಯಾರೋ ಕಳುಹಿಸಿದ್ದು. ನಾನು ಅದನ್ನು ಮೊದಲು ಒಬ್ಬಳೇ ನೋಡಬೇಕಿತ್ತು. ಮಗನ ಮುಖ ಕಂಡರೆ ಅಮ್ಮನಿಗೆ ಸಮಾಧಾನ, ಆ ಸಮಾಧಾನದಲ್ಲೇ ಮಾತ್ರೆ ಕೊಡುವ ಎಂದು ಎಣಿಸಿ ಅವಳ ಮುಂದೆ ಹಿಡಿದೆ. ಅರ್ಧ ಮಾತ್ರೆ ಅಷ್ಟರಲ್ಲಿ ಅವಳ ಅಂಗೈಯಲ್ಲಿತ್ತು, ಅಣ್ಣಾ. ನೀರಿನ ಲೋಟ ನನ್ನ ಇನ್ನೊಂದು ಕೈಯಲ್ಲಿತ್ತು. ವಿಡಿಯೊದಲ್ಲಿ ನೀನು ವೇದಿಕೆಯ ಮೇಲೆ ನಿಂತು, “ಬಂಟ್ವಾಳದಲ್ಲಿ ಹಾಸಿಗೆ ಹಿಡಿದಿರುವ ನನ್ನ ತಾಯಿ ನೋವಿನ ಒಂದು ಮಾತ್ರೆಯನ್ನೂ ಮುಟ್ಟದೆ ತನ್ನ ರಕ್ಷಕನ ಜೊತೆ ಶಿಲುಬೆಯಲ್ಲಿದ್ದಾಳೆ, ತಾಳ್ಮೆ ಎಂದರೆ ಏನೆಂದು ನಾನು ಪುಸ್ತಕದಲ್ಲಿ ಕಲಿಯಲಿಲ್ಲ” ಎಂದೆ.  ಮುಂದಿನ ಸಾಲಿನ ಹೆಂಗಸರು ಕಣ್ಣು ಒರೆಸಿಕೊಂಡರು. ಅಮ್ಮ ಅದನ್ನು ಇನ್ನೊಮ್ಮೆ ಹಾಕು ಎಂದಳು, ಮತ್ತೆ ಇನ್ನೊಮ್ಮೆ. ಮೂರನೆಯ ಸಲ ಮುಗಿಯುವಾಗ ಅಂಗೈಯ ಮಾತ್ರೆಯನ್ನು ನನ್ನ ಕೈಗೆ ಹಾಕಿ, “ತೆಗೆದಿಡು. ಕರುಣ ಅಷ್ಟು ಜನರ ಮುಂದೆ ಹೇಳಿಬಿಟ್ಟಿದ್ದಾನೆ” ಎಂದಳು.

ಮಾರನೇ ದಿನದಿಂದ ಗೊತ್ತಿಲ್ಲದವರ ಫೋನುಗಳು. ನಿಮ್ಮ ತಾಯಿಯ ಸಾಕ್ಷಿಯಿಂದ ನಮಗೆ ಬಲ ಬಂತು ಎನ್ನುತ್ತಾರೆ. ಒಬ್ಬರು ಅಮ್ಮನ ಫೋಟೊ ಕೇಳಿದರು. ನಾನು ಥ್ಯಾಂಕ್ಸ್ ಹೇಳಿ, ಅತ್ತ ಬೈರಾಸು ಕಚ್ಚಿದ ಅಮ್ಮನ ಸದ್ದು ಕೇಳುತ್ತಾ ಫೋನ್ ಇಡುತ್ತೇನೆ. ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ಸಿಟ್ಟು ಉಂಟು. ಆದರೆ ವಿಡಿಯೊ ತೋರಿಸಿದ ಕೈ ನನ್ನದು, ಆ ಸಿಟ್ಟಿನ ಅರ್ಧ ನನ್ನ ಪಾಲಿಗೇ ಬರುತ್ತದೆ.

ಈಗ ಹಳೆಯದೊಂದನ್ನು ನೆನಪಿಸಬೇಕು. ಅಮ್ಮನ ತಲೆಯಲ್ಲಿ ಈ ರಕ್ತಬೋಳದ ವಿಷಯ ಕೂತದ್ದು ಎಲ್ಲಿಂದ ಎಂದು ನಿನಗೆ ನೆನಪಿದೆಯೇ? ೧೯೯೬ರ ಶುಭ ಶುಕ್ರವಾರ. ನೀನು ಧರ್ಮಶಾಸ್ತ್ರ ಓದುತ್ತಿದ್ದೆ. ಶಿಲುಬೆಯ ಮೇಲೆ ಕರ್ತನು ಆಡಿದ ಏಳು ಮಾತುಗಳಿಗೆ ನಮ್ಮ ಸಭೆಯಲ್ಲಿ ಏಳು ಜನ ಮಾತಾಡುವುದು, ಒಬ್ಬೊಬ್ಬರಿಗೆ ಹತ್ತು ನಿಮಿಷ. ಹಿಂದಿನ ಬೆಂಚಿನಲ್ಲಿ ಹಿರಿಯರೊಬ್ಬರು ಗಡಿಯಾರ ಹಿಡಿದು ಕೂತು, ಸಮಯವಾದ ಕೂಡಲೇ ಕೈ ಎತ್ತುವುದು. ನಿನಗೆ ಸಿಕ್ಕಿದ್ದು ಐದನೆಯ ಮಾತು, ಬಾಯಾರಿಕೆಯದು. ನಿನ್ನ ಅಕ್ಷರ ನಿನಗೇ ಓದಲು ಬಾರದೆಂದು ಪ್ರಸಂಗವನ್ನು ಎರಡು ಹಾಳೆಗಳಲ್ಲಿ ಚೊಕ್ಕವಾಗಿ ಪ್ರತಿ ಮಾಡಿಕೊಟ್ಟವಳು ನಾನು. ಮೊದಲ ಹಾಳೆಯಲ್ಲಿ ಆತನು ಬೇಡವೆಂದ ಪಾನ. ಎರಡನೆಯ ಹಾಳೆಯಲ್ಲಿ, ಕಡೆಯಲ್ಲಿ ಆತನು ತಾನೇ ಬಾಯಾರಿದೆ ಎಂದು ಕೇಳಿದ್ದು, ಯಾರೋ ಹುಳಿರಸದಲ್ಲಿ ಅದ್ದಿದ ಸ್ಪಂಜನ್ನು ತುಟಿಗೆ ಮುಟ್ಟಿಸಿದಾಗ ಅದನ್ನು ತೆಗೆದುಕೊಂಡದ್ದು. ‘ಬೇಕು ಎಂದು ಹೇಳಲು ದೇವಕುಮಾರನು ನಾಚಲಿಲ್ಲ, ಕೊಡುವವನ ಕೈಯನ್ನು ತಳ್ಳಲಿಲ್ಲ’ ಎಂದು ನೀನು ಬರೆದಿದ್ದೆ. ಹದಿನೇಳು ವರ್ಷದ ನನಗೆ ಆ ಸಾಲು ಬಹಳ ಹಿಡಿಸಿತ್ತು. ಆದರೆ ನೀನು ಮೊದಲ ಹಾಳೆಗೇ ಹತ್ತು ನಿಮಿಷ ತೆಗೆದುಕೊಂಡೆ. ಹಿರಿಯರು ಕೈ ಎತ್ತಿದರು. ನೀನು ಅಲ್ಲಿಗೇ ಆಮೆನ್ ಎಂದು ಇಳಿದೆ. ಮಗನ ಮೊದಲ ಪ್ರಸಂಗ, ಅಮ್ಮ ಕಿವಿಯಿಟ್ಟು ಕೇಳಿದ್ದು ಅಷ್ಟು. ಇಪ್ಪತ್ತೊಂಬತ್ತು ವರ್ಷ ಅವಳು ಆ ಅರ್ಧವನ್ನೇ ಪೂರ್ತಿ ಎಂದು ಇಟ್ಟುಕೊಂಡಿದ್ದಾಳೆ.

ನಾನೇ ಅವಳಿಗೆ ಉಳಿದರ್ಧ ಹೇಳಿ ನೋಡಿದೆ. ಸತ್ಯವೇದದಲ್ಲಿ ಯೋಹಾನನು ಬರೆದ ಸುವಾರ್ತೆಯ ಭಾಗವನ್ನು ತೆರೆದು ತೋರಿಸಿದೆ. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. “ಅದು ಎಲ್ಲ ತೀರಿದ ಮೇಲೆ, ಮಗಾ. ನನಗೆ ಇನ್ನೂ ತೀರಲಿಲ್ಲ” ಎಂದಳು. ಹಾಗಾದರೆ ಅಣ್ಣ ಬರೆದದ್ದು ಸುಳ್ಳಾ ಎಂದು ಕೇಳಿದೆ. “ಅವ ಬರೆದನಂತೆ ಅಂತ ನೀನು ಹೇಳುವುದು. ಅವನ ಬಾಯಿಂದ ನಾನು ಕೇಳಲಿಲ್ಲ” ಎಂದಳು. ಇನ್ನೊಂದು ದಿನ ಬೇರೆ ದಾರಿ ಹಿಡಿದೆ. ಉಜಿರೆಯ ಹಾಸ್ಟೆಲಿನಲ್ಲಿ ಅವಳು ವಾರ್ಡನ್ ಆಗಿದ್ದಾಗ ಮಾತ್ರೆಗಳ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದಳಲ್ಲ. ಹೊಟ್ಟೆನೋವು ಎಂದು ಬಂದ ಯಾವ ಹುಡುಗಿಗಾದರೂ ತಾಳಿಕೋ ಎಂದಿದ್ದೀಯಾ ಎಂದು ಕೇಳಿದೆ. “ಅವು ಮಕ್ಕಳು ಮಾರಾಯ್ತಿ, ಅವಕ್ಕೆ ಪರೀಕ್ಷೆ ಇರ್ತಿತ್ತು” ಎಂದು ಗೋಡೆಯ ಕಡೆಗೆ ತಿರುಗಿದಳು. ತಿರುಗುವುದಕ್ಕೆ ಎಷ್ಟು ನೋವಾಯಿತೆಂದು ಅವಳ ಕತ್ತಿನ ನರ ಹೇಳಿತು.

ನನ್ನನ್ನು ನಾನೇ ಕೇಳಿಕೊಳ್ಳದೆ ಇದನ್ನೆಲ್ಲ ಬರೆಯುತ್ತಿಲ್ಲ. ನಾನು ಮದ್ದು ಬೇಡುತ್ತಿರುವುದು ಅವಳಿಗಾಗಿಯೋ, ನಲ್ಲಿ ತಿರುಗಿಸಿ ನಿಲ್ಲುವ ನನಗಾಗಿಯೋ? ಎರಡೂ ಇರಬಹುದು. ಕಷ್ಟವನ್ನು ತಾಳುವುದು ನಮಗೆ ಕೊಟ್ಟ ಕರೆ ಎಂದು ನಾನೂ ನಂಬುತ್ತೇನೆ. ಅಪ್ಪ ಹೋದ ಮೇಲೆ ಅಮ್ಮ ತಾಳಿದ್ದನ್ನು ನೋಡಿ ಬೆಳೆದವಳು ನಾನು. ಅದು ದೊಡ್ಡದು. ಅದನ್ನು ಅವಳಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಹಾಸಿಗೆಯ ಹುಣ್ಣು, ಇನ್ನೊಬ್ಬರ ಕೈಯಲ್ಲಿ ಮೈ ತೊಳೆಸಿಕೊಳ್ಳುವ ನಾಚಿಕೆ, ಮುಂದೆ ಬರುವ ಮರಣ, ಇವೆಲ್ಲ ಇನ್ನೂ ತಾಳಲಿಕ್ಕೆ ಉಂಟಲ್ಲ. ಡಬ್ಬಿಯ ಮುಚ್ಚಳ ತೆಗೆದರೆ ಹೋಗುವ ನೋವನ್ನೂ ಅದರ ಮೇಲೆ ಹೊರಬೇಕೆಂದು ಯಾರು ಹೇಳಿದರು? ಮದ್ದು ಬೆಳೆಸಿದವನೂ ಕರ್ತನೇ ಎಂದು ನೀನೇ ವಿಜೇತಾಳಿಗೆ ಜ್ವರ ಬಂದಾಗ ಹೇಳಿದ್ದೆ. ಸ್ಪಂಜಿನ ಹುಳಿರಸ ನೋವಿನ ಮದ್ದಲ್ಲ, ಬಾಯಾರಿಕೆಗೆ ಕೊಟ್ಟದ್ದು ಎಂದು ನೀನು ವಾದ ಮಾಡಬಹುದು. ನನಗೆ ಧರ್ಮಶಾಸ್ತ್ರ ಗೊತ್ತಿಲ್ಲ. ಒಬ್ಬರು ನರಳುವಾಗ ಇನ್ನೊಬ್ಬರು ತುಟಿಗೆ ಏನೋ ಹಿಡಿದರು, ನರಳುವವನು ಅದನ್ನು ತಳ್ಳಲಿಲ್ಲ ಎಂಬುದಷ್ಟೇ ನನಗೆ ಅದರಲ್ಲಿ ಕಾಣುವುದು.

ಆದುದರಿಂದ ನಾನು ಕೇಳುವುದು ಇಷ್ಟೇ. ಅಮ್ಮನಿಗೆ ಒಂದು ಕಾಗದ ಬರೆ. ಫೋನ್ ಬೇಡ, ವಿಡಿಯೊ ಬೇಡ; ಫೋನಿನಲ್ಲಿ ನೀನು ಏನು ಹೇಳಿದರೂ ಕಾಂತಿ ಹೇಳಿಸಿದ್ದು ಎನ್ನುತ್ತಾಳೆ. ನಿನ್ನ ಕೈಬರಹದ ಕಾಗದವನ್ನು ಮಾತ್ರ ಅವಳು ನಂಬುವುದು, ಸತ್ಯವೇದದೊಳಗೆ ಇಟ್ಟು ದಿನವೂ ತೆಗೆದು ಓದುವುದು. ಅಂದು ಓದದೆ ಉಳಿದ ಎರಡನೆಯ ಹಾಳೆಯನ್ನು ಅವಳಿಗೆ ಬರೆದು ಕಳುಹಿಸು. ನಿನಗೆ ನೆನಪಿಲ್ಲದಿದ್ದರೆ ನನಗೆ ನೆನಪಿರುವುದನ್ನು ಮೇಲೆ ಬರೆದಿದ್ದೇನೆ. ಕೊನೆಗೆ ನಿನ್ನದೇ ಮಾತಿನಲ್ಲಿ, ಮಾತ್ರೆ ತೆಗೆದುಕೋ ಅಮ್ಮಾ ಎಂದು ಸ್ಪಷ್ಟವಾಗಿ ಬರೆ. ಕರ್ತನ ಚಿತ್ತವಿದ್ದರೆ ಎಂದು ಸೇರಿಸಬೇಡ. ಸೇರಿಸಿದರೆ ಅವಳು ಅದರ ಮೇಲೆಯೇ ಕೂರುತ್ತಾಳೆ. ಸಭೆಯವರಿಗೆ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳುವುದು ನಿನಗೆ ಕಷ್ಟವೆಂದು ನನಗೆ ಗೊತ್ತು. ಅದನ್ನು ನೀನು ತಾಳಬೇಕಾದೀತು.

ಶನಿವಾರದಿಂದ ಅಮ್ಮ ಸ್ವಲ್ಪ ಶಾಂತವಾಗಿದ್ದಾಳೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಅತ್ತಿಗೆಗೆ ನನ್ನ ಪ್ರೀತಿ ತಿಳಿಸು, ವಿಜೇತಾಳಿಗೆ ಅತ್ತೆಯ ಮುತ್ತು. ಧನರಾಜ್ ವಂದನೆ ಹೇಳಿದ್ದಾರೆ. ನಮ್ಮನ್ನು ಎತ್ತಿ ನಡೆಸುವ ಕರ್ತನು ನಿನ್ನ ಮನೆಯ ಮೇಲೂ ನಿನ್ನ ಸೇವೆಯ ಮೇಲೂ ಕೈಯಿಟ್ಟಿರಲಿ.

ನಿನ್ನ ತಂಗಿ,
ಕಾಂತಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆ ಅಂಟಿಸುವ ಮೊದಲು ಬೇಗ ಬರೆದುಬಿಡುತ್ತೇನೆ. ಶನಿವಾರ ಮಧ್ಯಾಹ್ನ ನನ್ನಿಂದ ಆಗಲಿಲ್ಲ. ಅರ್ಧ ಮಾತ್ರೆಯನ್ನು ಚಮಚದ ಬೆನ್ನಿನಲ್ಲಿ ಪುಡಿಮಾಡಿ ಗಂಜಿಗೆ ಬೆರೆಸಿ, ಕಹಿ ತಿಳಿಯದಿರಲೆಂದು ಮಾವಿನಮಿಡಿ ಉಪ್ಪಿನಕಾಯಿಯ ರಸ ಹಾಕಿ ಕುಡಿಸಿದೆ. ಅಂದಿನಿಂದ ನಾಲ್ಕು ಗಂಟೆಗೊಮ್ಮೆ ಹೀಗೆ ಏನಾದರೊಂದರಲ್ಲಿ ಕೊಡುತ್ತಿದ್ದೇನೆ. ನಬೀಸಾಳಿಗೂ ಧನರಾಜ್‌ಗೂ ಗೊತ್ತಿಲ್ಲ. ಅಮ್ಮ ನಿದ್ದೆ ಮಾಡುತ್ತಾಳೆ, ಅಣ್ಣಾ. ಬೈರಾಸು ಒಣಗಿದೆ. ಸೋಮವಾರ ಅವಳು ನನ್ನನ್ನು ಕರೆದು ಕೈಹಿಡಿದು, “ನೋಡಿದೆಯಾ, ನಾನು ಕಡೆಯವರೆಗೆ ತಾಳಿದೆ, ಆತ ನೋವು ತೆಗೆದ” ಎಂದಳು. ಅವಳ ಮುಖ ಹೇಗಿತ್ತೆಂದು ಬರೆಯಲಾರೆ. ಮಾರ್ಚ್ ಎರಡರ ಆದಿತ್ಯವಾರ ಅಯ್ಯನವರು ಆರಾಧನೆ ಮುಗಿಸಿ ಮನೆಗೆ ಬಂದು ಅವಳಿಗೆ ರೊಟ್ಟಿ ದ್ರಾಕ್ಷಾರಸದ ಕರ್ತನ ಭೋಜನ ಕೊಡುವವರಿದ್ದಾರೆ. ಅಂದು ಬೆಳಿಗ್ಗೆ ಸಭೆಯಲ್ಲಿ ಓದಿಸಬೇಕೆಂದು ‘ನನ್ನ ನೋವನ್ನು ಅದ್ಭುತವಾಗಿ ತೆಗೆದುಹಾಕಿದ್ದಕ್ಕೆ’ ಎಂದು ಸ್ತೋತ್ರಕಾಣಿಕೆಯ ಲಕೋಟೆಯ ಮೇಲೆ ನನ್ನಿಂದಲೇ ಬರೆಸಿದ್ದಾಳೆ. ನಿನಗೂ ಬರೆ, ಕರುಣ ಗದಗಿನವರಿಗೆ ಹೇಳಲಿ ಎಂದಿದ್ದಾಳೆ. ದಯವಿಟ್ಟು ಹೇಳಬೇಡ. ನಾನು ಮಾತ್ರೆ ನಿಲ್ಲಿಸುವುದಿಲ್ಲ, ಆ ಲಕೋಟೆಯನ್ನು ಸಭೆಗೆ ಕೊಂಡುಹೋಗುವುದೂ ಇಲ್ಲ. ಒಂದನೇ ತಾರೀಕು ಶನಿವಾರ ಅವಳಿಗೆ ಎಲ್ಲ ಹೇಳಿಬಿಡುತ್ತೇನೆ. ಅಷ್ಟರಲ್ಲಿ ನಿನ್ನ ಕಾಗದ ಬಂದಿದ್ದರೆ ಅವಳು ಮಾತ್ರೆಯನ್ನು ತಾನೇ ಕೈಚಾಚಿ ತೆಗೆದುಕೊಂಡಾಳು. ಬಾರದಿದ್ದರೆ ನನ್ನ ಕೈಯ ನೀರನ್ನೂ ಅವಳು ಇನ್ನು ಕುಡಿಯಲಿಕ್ಕಿಲ್ಲ. ಈಗಷ್ಟೇ ಒಳಗಿನಿಂದ ಕರೆದಳು. ದಿಂಬು ಕೊಟ್ಟು ಕೂರಿಸಬೇಕಂತೆ, ಸೂಜಿಗೆ ಬಿಳಿ ದಾರ ಪೋಣಿಸಿ ಕೊಡಬೇಕಂತೆ. ಭೋಜನದ ದಿನ ಹಾಕುವ ರವಿಕೆಯನ್ನು ತಾನೇ ಹೊಲಿದು ಸಣ್ಣ ಮಾಡಿಕೊಳ್ಳುತ್ತಾಳಂತೆ. ಡಿಸೆಂಬರಿನಿಂದ ಅವಳು ತಾನಾಗಿ ಬಾಯಿ ಬಿಟ್ಟು ತನಗೆಂದು ಏನಾದರೂ ಬೇಕು ಎಂದದ್ದು ಇದೇ ಮೊದಲು. ಹೋಗುತ್ತೇನೆ. ನಿನ್ನ ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕು.